ಸೀನಿಯರ್ ಗೇಮ್‌ಪ್ಲೇ ಪ್ರೋಗ್ರಾಮರ್ ಆದ ಮೇಲೆ: ‘ಜಿಗಿತ ಯಾಕೋ ಭಾರ’ ಎಂಬ ಟಿಕೆಟ್‌ಗೆ ಎಷ್ಟು ದಿನ ಬರೆಯುವುದು?

ಬನಶಂಕರಿ_ಸಿ++:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಗೇಮ್ ಸ್ಟುಡಿಯೊದಲ್ಲಿದ್ದೇನೆ. ಹೊರದೇಶದ ಪ್ರಕಾಶಕರೊಬ್ಬರ ತಂಡದ ಜೊತೆ ಸೇರಿ ಕನ್ಸೋಲ್ ಮತ್ತು ಪಿಸಿಗೆ ಒಂದು ಆ್ಯಕ್ಷನ್ ಗೇಮ್ ಮಾಡುತ್ತಿದ್ದೇವೆ, ಎಂಜಿನ್ (ಗೇಮ್ ಕಟ್ಟಲು ಬಳಸುವ ಸಿದ್ಧ ತಂತ್ರಾಂಶ) ಅನ್‌ರಿಯಲ್. ಈಚೆಗೆ ನನ್ನನ್ನು ಸೀನಿಯರ್ ಮಾಡಿದರು. ಪಾತ್ರದ ಓಟ, ಜಿಗಿತ, ಗೋಡೆ ಹತ್ತುವುದು ಇವಿಷ್ಟೂ ನನ್ನ ಹೊಣೆ.

ಡಿಸೈನರ್ ತೆರೆದ ಒಂದು ಟಿಕೆಟ್ (ಕೆಲಸದ ಪಟ್ಟಿಗೆ ಸೇರಿಸಿದ ದೂರು) ಮುಚ್ಚುವ ಲಕ್ಷಣವೇ ಕಾಣುತ್ತಿಲ್ಲ. ಅದರಲ್ಲಿರುವುದು ಒಂದೇ ಸಾಲು: ‘ಜಿಗಿತ ಯಾಕೋ ಭಾರ ಅನ್ನಿಸುತ್ತದೆ.’ ಡಿಸೈನ್ ದಾಖಲೆಯ ಪ್ರಕಾರ ಜಿಗಿತದ ಎತ್ತರ 2 ಮೀಟರ್, ತುದಿ ಮುಟ್ಟಲು 0.4 ಸೆಕೆಂಡ್. ಅಂದರೆ ಆರಂಭದ ವೇಗ ಸೆಕೆಂಡಿಗೆ 10 ಮೀಟರ್ ಇರಬೇಕು, ಗುರುತ್ವ ಭೂಮಿಯದಕ್ಕಿಂತ ಎರಡೂವರೆ ಪಟ್ಟು ಇರಬೇಕು. ಎರಡೂ ಕರಾರುವಾಕ್ಕಾಗಿ ಇವೆ. ಆದರೂ ಟಿಕೆಟ್ ಪದೇ ಪದೇ ನನ್ನ ಹೆಸರಿಗೇ ವಾಪಸು ಬರುತ್ತದೆ. ಪ್ರೊಡ್ಯೂಸರ್ ಪ್ರತಿ ಸೋಮವಾರ ‘ಇನ್ನೆಷ್ಟು ದಿನ’ ಎಂದು ಕೇಳುತ್ತಾರೆ. ಪಕ್ಕದ ಜೂನಿಯರ್‌ಗಳು ಟಿಕೆಟ್ ಮೇಲೆ ಟಿಕೆಟ್ ಮುಚ್ಚುತ್ತಿದ್ದಾರೆ. ನನ್ನ ಹೆಸರಿನ ಎದುರು ಇದೊಂದೇ ಕೂತಿದೆ. ಅಪ್ರೈಸಲ್‌ನಲ್ಲಿ ‘ಸೀನಿಯರ್ ಆದ ಮೇಲೆ ಔಟ್‌ಪುಟ್ ಇಳಿದಿದೆ’ ಎಂಬ ಮಾತೂ ಬಂತು.

ಇಂಥ ಕೆಲಸಕ್ಕೆ ನೀವು ಅಂದಾಜು ಕೊಡುವುದು ಹೇಗೆ? ಸೀನಿಯರ್‌ನಿಂದ ನಿಮ್ಮ ಸ್ಟುಡಿಯೊಗಳಲ್ಲಿ ನಿಜವಾಗಿ ನಿರೀಕ್ಷಿಸುವುದೇನು?

ತುಂಗಾತೀರ:
ಅಂದಾಜಿನ ಮಾತು ಆಮೇಲೆ. ಬಟನ್ ಒತ್ತಿದ ಗಳಿಗೆಯಿಂದ ಪರದೆಯ ಮೇಲೆ ಪಾದ ನೆಲ ಬಿಡುವ ತನಕ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತದೆ ಎಂದು ಅಳೆದಿದ್ದೀರಾ?

ಬನಶಂಕರಿ_ಸಿ++:
ಇನ್‌ಪುಟ್ ಬಂದ ಫ್ರೇಮಿನಲ್ಲೇ (ಪರದೆಗೆ ಹೋಗುವ ಒಂದೊಂದು ಚಿತ್ರ) ಪಾತ್ರ ಜಿಗಿತದ ಸ್ಥಿತಿಗೆ ಹೋಗುತ್ತಿದೆ ಎಂದು ಎಂಜಿನ್ ಬರೆದಿಡುವ ಲಾಗ್ ಹೇಳುತ್ತದೆ ಸರ್.

ತುಂಗಾತೀರ:
ಲಾಗ್ ಹೇಳುವುದು ಎಂಜಿನ್ನಿನ ಒಳಗಿನ ಸಮಾಚಾರ. ಆಡುವವರ ಹೆಬ್ಬೆರಳಿಗೂ ಕಣ್ಣಿಗೂ ನಡುವಿನ ದಾರಿ ಅದಕ್ಕಿಂತ ತುಂಬ ಉದ್ದ. ಆಟ ನಡೆಸುವ ಗೇಮ್ ಥ್ರೆಡ್ ಲೆಕ್ಕ ಹಾಕಿದ್ದನ್ನು ಚಿತ್ರಕ್ಕೆ ಸಿದ್ಧಪಡಿಸುವ ರೆಂಡರ್ ಥ್ರೆಡ್ ಸಾಮಾನ್ಯವಾಗಿ ಒಂದು ಫ್ರೇಮ್ ತಡವಾಗಿ ಕೈಗೆತ್ತಿಕೊಳ್ಳುತ್ತದೆ, ಅದರ ಹಿಂದೆ ಚಿತ್ರ ಬಿಡಿಸುವ ಚಿಪ್ ಆದ ಜಿಪಿಯು, ಅದರ ಹಿಂದೆ ಟಿವಿ ತಾನೇ ಸೇರಿಸುವ ತಡ. ಗೇಮ್ ಸೆಕೆಂಡಿಗೆ 30 ಫ್ರೇಮಿನಲ್ಲಿ ಓಡುತ್ತಿದ್ದರೆ ಒಂದೊಂದು ಫ್ರೇಮಿಗೂ 33.3 ಮಿಲಿಸೆಕೆಂಡ್, 60ರಲ್ಲಿ ಓಡುತ್ತಿದ್ದರೆ 16.7. ಹಾಗಾಗಿ ನಿಮ್ಮ ಪಿಸಿಯಲ್ಲಿ ಹಗುರವಾಗಿ ಕಂಡ ಜಿಗಿತ ಡಿಸೈನರ್ ಮೇಜಿನ ಕನ್ಸೋಲ್‌ನಲ್ಲಿ ಭಾರವಾಗಿ ಕಂಡರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಚಿತ್ರ ಹಿಡಿಯುವ ಹಾಗೆ ಇಟ್ಟು, ಕಂಟ್ರೋಲರ್ ಹಿಡಿದ ಕೈ ಮತ್ತು ಟಿವಿ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಚಿತ್ರೀಕರಿಸಿ. ಬಟನ್ ಕೆಳಗಿಳಿದ ಚಿತ್ರದಿಂದ ಪಾದ ಎದ್ದ ಚಿತ್ರದ ತನಕ ಎಣಿಸಿ, ಪ್ರತಿ ಚಿತ್ರಕ್ಕೂ ಸುಮಾರು 4.2 ಮಿಲಿಸೆಕೆಂಡ್ ಹಾಕಿ ಗುಣಿಸಿ. ಟಿವಿಯನ್ನು ಅದರ ತಡ ತಗ್ಗಿಸುವ ಗೇಮ್ ಮೋಡ್‌ನಲ್ಲಿ ಇಡಲು ಮರೆಯಬೇಡಿ. ಇಲ್ಲದಿದ್ದರೆ ಟಿವಿ ಕಂಪನಿಯ ಪಾಪಕ್ಕೆ ನೀವು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೀರಿ.

ವಿನ್ಯಾಸದ_ವನಜ:
ನಾನು ಡಿಸೈನರ್, ಆದ್ದರಿಂದ ಆ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ. ‘ಭಾರ’ ಎಂದು ನಾವು ಬರೆಯುವಾಗ ಪ್ರತಿ ಸಲವೂ ತಡದ ಬಗ್ಗೆಯೇ ದೂರುತ್ತಿರುವುದಿಲ್ಲ. ಎಷ್ಟೋ ಸಲ ತೊಂದರೆ ಇರುವುದು ಇಳಿಯುವಾಗ. ಏರುವಾಗಲೂ ಇಳಿಯುವಾಗಲೂ ಒಂದೇ ಗುರುತ್ವ ಇಟ್ಟರೆ ಪಾತ್ರ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಇಳಿಯುವಾಗ ಹೆಚ್ಚಿಸಿದರೆ ಜಿಗಿತಕ್ಕೆ ಬಿಗಿ ಬರುತ್ತದೆ. ಬಟನ್ ಬೇಗ ಬಿಟ್ಟರೆ ಜಿಗಿತ ಗಿಡ್ಡವಾಗಬೇಕು ಎಂಬುದನ್ನು 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲೇ ಮಾಡಿ ತೋರಿಸಿದ್ದರು, ಈಗಲೂ ಎಷ್ಟೋ ಗೇಮ್‌ಗಳಲ್ಲಿ ಅದು ಇರುವುದಿಲ್ಲ. ದಾಖಲೆಯಲ್ಲಿ ಎತ್ತರ ಮತ್ತು ಸಮಯ ಬರೆದಿದ್ದೇವೆ ನಿಜ. ಆದರೆ ಆ ಎರಡು ಅಂಕಿಗಳ ನಡುವೆ ನೂರಾರು ಬಗೆಯ ಜಿಗಿತಗಳಿವೆ ಎಂಬುದು ಪ್ರೋಗ್ರಾಮರ್‌ಗಳಿಗೆ ತಿಳಿಯದ್ದೇನಲ್ಲ.

ರಾಜಾಜಿನಗರ_ರಿಗ್:
ಹಾಗಿದ್ದರೆ ಟಿಕೆಟ್‌ನಲ್ಲಿ ಅದನ್ನೇ ಬರೆಯಬಹುದಲ್ಲವೇ ಮೇಡಂ?

ವಿನ್ಯಾಸದ_ವನಜ:
ಬರೆಯುವಷ್ಟು ಸ್ಪಷ್ಟವಾಗಿ ತಿಳಿದಿದ್ದರೆ ಟಿಕೆಟ್ ತೆರೆಯದೆ ನಾವೇ ಬದಲಿಸಿಬಿಡುತ್ತಿದ್ದೆವು, ಬದಲಿಸಲು ನಮಗೆ ಬಿಟ್ಟಿದ್ದರೆ. ಎಷ್ಟು ಸ್ಟುಡಿಯೊಗಳಲ್ಲಿ ಇಳಿಗುರುತ್ವವನ್ನು ಕೋಡ್‌ನ ಒಳಗೆ ಒಂದು ಸ್ಥಿರಾಂಕವಾಗಿ ಬರೆದು ಬೀಗ ಹಾಕಿದ್ದಾರೆ ಎಂದು ಕೇಳಿ ನೋಡಿ. ಒಂದು ಅಂಕಿ ಬದಲಿಸಿ ನೋಡಲು ಪ್ರೋಗ್ರಾಮರ್‌ಗೆ ಹೇಳಬೇಕು, ಅವರು ಬದಲಿಸಬೇಕು, ಬಿಲ್ಡ್ ಆಗಬೇಕು (ಕೋಡಿನಿಂದ ಗೇಮ್ ಮತ್ತೆ ತಯಾರಾಗಬೇಕು), ಅಷ್ಟರಲ್ಲಿ ಹಿಂದಿನ ಜಿಗಿತ ಹೇಗಿತ್ತು ಎಂಬುದೇ ಕೈಗೆ ಮರೆತುಹೋಗಿರುತ್ತದೆ.

ಹಳೇ_ಫ್ಲ್ಯಾಶ್:
ವನಜ ಅವರು ಹೇಳಿದ್ದು ಈ ಪ್ರಶ್ನೆಯ ಬೇರು. ನನ್ನ ಪ್ರಕಾರ ಸೀನಿಯರ್ ಮೊದಲು ಮಾಡಬೇಕಾದದ್ದು ಜಿಗಿತವನ್ನು ಸರಿಪಡಿಸುವುದಲ್ಲ, ಗೇಮ್ ಓಡುತ್ತಿರುವಾಗಲೇ ಡಿಸೈನರ್ ಕೈಯಿಂದ ಅದನ್ನು ಬದಲಿಸುವ ವ್ಯವಸ್ಥೆ ಮಾಡಿಕೊಡುವುದು. ಏರುಗುರುತ್ವ, ಇಳಿಗುರುತ್ವ, ಗಾಳಿಯಲ್ಲಿ ತಿರುಗುವ ಹಿಡಿತ, ತುದಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಇವೆಲ್ಲವನ್ನೂ ಕೋಡ್‌ನ ಹೊರಗಿನ ಒಂದು ಡೇಟಾ ಅಸೆಟ್ ಕಡತಕ್ಕೆ ತನ್ನಿ. ವೇಗದ ಏರಿಳಿತಕ್ಕೆ ಎಳೆದು ತಿದ್ದಬಲ್ಲ ಕರ್ವ್ (ವಕ್ರರೇಖೆ) ಕೊಡಿ. ಆಮೇಲೆ ಡಿಸೈನರ್, ಅನಿಮೇಟರ್, ನೀವು ಮೂವರೂ ಒಂದೇ ಮೇಜಿಗೆ ಕುಳಿತು ಆಡಿ. ಮೂವರು ಮೂರು ಕಡೆ ಕುಳಿತು ಟಿಕೆಟ್ ಬರೆದುಕೊಂಡರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಆಗುತ್ತದೆ.

ಇನ್ನೊಂದು ಮಾತು. ಸೆಲೆಸ್ಟ್ ಗೇಮ್ 2018ರಲ್ಲಿ ಬಂದ ಮೇಲೆ ಅದನ್ನು ಮಾಡಿದವರು ಆಟಗಾರ ಪಾತ್ರದ ಕೋಡನ್ನು ಎಲ್ಲರಿಗೂ ಓದಲು ಬಿಟ್ಟರು. ಅಂಚು ದಾಟಿ ಕಾಲು ಗಾಳಿಗೆ ಬಿದ್ದ ಮೇಲೂ 0.1 ಸೆಕೆಂಡ್ ತನಕ ಜಿಗಿಯಲು ಬಿಡುವ ಕರುಣೆ ಅದರಲ್ಲಿದೆ. ಬಟನ್ ಹಿಡಿದುಕೊಂಡಿದ್ದರೆ ಜಿಗಿತದ ತುದಿಯಲ್ಲಿ ಗುರುತ್ವ ಅರ್ಧವಾಗುತ್ತದೆ. ನೆಲ ಮುಟ್ಟುವ ಮೊದಲೇ ಬಟನ್ ಒತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು ಮುಟ್ಟಿದ ಕೂಡಲೇ ಜಿಗಿಸುತ್ತದೆ. ಇವು ಯಾವುದೂ ಭೌತಶಾಸ್ತ್ರವಲ್ಲ, ಆಡುವವರು ‘ನಾನು ಒತ್ತಿದ್ದೆ’ ಎಂದು ಶಪಿಸದಂತೆ ನೋಡಿಕೊಳ್ಳುವ ಜಾಣತನ.

ಧಾರವಾಡ_ಡೆವ್:
ನಾನು ಇನ್ನೂ ಓದುತ್ತಿದ್ದೇನೆ, ಯೂನಿಟಿ ಎಂಬ ಎಂಜಿನ್‌ನಲ್ಲಿ ಚಿಕ್ಕ ಗೇಮ್‌ಗಳನ್ನು ಮಾಡಿದ್ದೇನೆ. ಚಲನೆಯ ಕೋಡನ್ನೆಲ್ಲ ಫಿಕ್ಸ್ಡ್‌ಅಪ್‌ಡೇಟ್‌ನಲ್ಲಿ (ನಿಗದಿತ ಅಂತರದಲ್ಲಿ ಓಡುವ ಭಾಗ) ಹಾಕಿದರೆ ಇಂಥ ತೊಂದರೆಗಳು ಬರುವುದಿಲ್ಲ ಎಂದು ಒಂದು ವಿಡಿಯೊದಲ್ಲಿ ಹೇಳಿದ್ದರು. ಅದು ಸರಿಯೇ?

ಮಂಗಳೂರು_ಮೊಬೈಲ್:
ಅರ್ಧ ಸರಿ, ಉಳಿದರ್ಧ ನಿಮ್ಮ ರಾತ್ರಿಯ ನಿದ್ದೆ ಕೆಡಿಸುತ್ತದೆ. ಯೂನಿಟಿಯಲ್ಲಿ ಫಿಕ್ಸ್ಡ್‌ಅಪ್‌ಡೇಟ್‌ನ ಮೂಲಬೆಲೆ 0.02 ಸೆಕೆಂಡ್, ಅಂದರೆ ಸೆಕೆಂಡಿಗೆ 50 ಹೆಜ್ಜೆ. ಪರದೆ 60 ಸಲ ಬದಲಾಗುತ್ತದೆ. ಲೆಕ್ಕ ಹಾಕಿ: ಸರಾಸರಿ ಪ್ರತಿ ಆರನೆಯ ಫ್ರೇಮಿಗೆ ಹೊಸ ಹೆಜ್ಜೆಯೇ ಇರುವುದಿಲ್ಲ, ಪಾತ್ರ ಅಲ್ಲೇ ನಿಂತಿರುತ್ತದೆ. ಇಂಟರ್‌ಪೊಲೇಷನ್ (ಎರಡು ಹೆಜ್ಜೆಗಳ ನಡುವಿನ ಸ್ಥಾನ ತುಂಬುವುದು) ಹಾಕದಿದ್ದರೆ ಅದು ಕಣ್ಣಿಗೆ ತೊದಲಿದಂತೆ ಕಾಣುತ್ತದೆ. ಇನ್ನು ಬಟನ್ ಈಗಷ್ಟೇ ಒತ್ತಿದರೇ ಎಂದು ನೋಡುವ ಗೆಟ್‌ಕೀಡೌನ್ ನಿಜವಾಗುವುದು ಒಂದೇ ಫ್ರೇಮಿನ ಮಟ್ಟಿಗೆ. ಆ ಫ್ರೇಮಿನಲ್ಲಿ ಫಿಕ್ಸ್ಡ್‌ಅಪ್‌ಡೇಟ್ ನಡೆಯದಿದ್ದರೆ ಆಡುವವರು ಒತ್ತಿದ ಬಟನ್ ಗಾಳಿಗೆ ಹೋಗುತ್ತದೆ. ಬಟನ್ ಓದುವುದು ಪ್ರತಿ ಫ್ರೇಮಿಗೂ ಓಡುವ ಅಪ್‌ಡೇಟ್‌ನಲ್ಲಿ, ಅದನ್ನು ನೆನಪಿಟ್ಟು ಬಳಸುವುದು ಫಿಕ್ಸ್ಡ್‌ಅಪ್‌ಡೇಟ್‌ನಲ್ಲಿ, ಹೀಗೆ ಹಂಚಿ.

ಹಾಗೆಂದು ಎಲ್ಲವನ್ನೂ ಅಪ್‌ಡೇಟ್‌ಗೆ ತಂದರೆ ಇನ್ನೊಂದು ಗುಂಡಿ ಕಾದಿದೆ. ಮೊದಲು ವೇಗದಿಂದ ಗುರುತ್ವ ಕಳೆದು, ಆಮೇಲೆ ಸ್ಥಾನಕ್ಕೆ ವೇಗ ಕೂಡಿಸುವ ಸಾಮಾನ್ಯ ಕೋಡ್ ಬರೆದರೆ, ಜಿಗಿತದ ಎತ್ತರ ಫ್ರೇಮ್ ದರದ ಮೇಲೆ ನಿಲ್ಲುತ್ತದೆ. ಬನಶಂಕರಿಯವರ ಅಂಕಿಗಳನ್ನೇ ತೆಗೆದುಕೊಳ್ಳಿ: ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಜಿಗಿದರೆ 60 ಫ್ರೇಮಿನಲ್ಲಿ 2 ಮೀಟರಿಗಿಂತ ಸುಮಾರು 8 ಸೆಂಟಿಮೀಟರ್ ಕಡಿಮೆ, 30 ಫ್ರೇಮಿನಲ್ಲಿ ಸುಮಾರು 17 ಸೆಂಟಿಮೀಟರ್ ಕಡಿಮೆ. ಪಿಸಿಯಲ್ಲಿ ಹತ್ತಲು ಸಿಗುವ ಕಟ್ಟೆ ಅಗ್ಗದ ಫೋನಿನಲ್ಲಿ ಸಿಗುವುದಿಲ್ಲ. ಹಳೆಯ ಮತ್ತು ಹೊಸ ವೇಗಗಳ ಸರಾಸರಿ ತೆಗೆದು ಸ್ಥಾನ ಬದಲಿಸಿದರೆ ಈ ವ್ಯತ್ಯಾಸ ಹೋಗುತ್ತದೆ.

ತುಂಗಾತೀರ:
ಅನ್‌ರಿಯಲ್‌ನ ಸಿದ್ಧ ಚಲನೆಯ ಕೋಡ್ ಆದ ಕ್ಯಾರೆಕ್ಟರ್ ಮೂವ್‌ಮೆಂಟ್, ಪಾತ್ರ ಗಾಳಿಯಲ್ಲಿರುವಾಗ ಆ ಸರಾಸರಿಯನ್ನೇ ಬಳಸುತ್ತದೆ, ಆದ್ದರಿಂದ ಮೂಲ ಪ್ರಶ್ನೆ ಕೇಳಿದವರಿಗೆ ಈ ಕಾಟ ಇರಲಾರದು. ಸ್ವಂತ ಚಲನೆಯ ಕೋಡ್ ಬರೆಯುವವರು ಗಮನಿಸಬೇಕು.

ಹಲಸೂರು_ಪ್ರೊಡ್ಯೂಸರ್:
ಇಲ್ಲಿ ಪ್ರೊಡ್ಯೂಸರ್‌ಗಳನ್ನು ಯಾರೂ ಇನ್ನೂ ಬೈದಿಲ್ಲ ಎಂಬುದೇ ಸಮಾಧಾನ. ಸೋಮವಾರ ಸೋಮವಾರ ಕೇಳುವುದು ನಮಗೂ ಖುಷಿಯ ಕೆಲಸವಲ್ಲ. ಬೇರೆಯವರ ಗೇಮ್‌ಗೆ ಕೈಜೋಡಿಸುವ ಸ್ಟುಡಿಯೊಗಳಲ್ಲಿ ಹಣ ಬರುವುದು ಮೈಲ್‌ಸ್ಟೋನ್ (ಒಪ್ಪಂದದ ಒಂದು ಹಂತ) ಒಪ್ಪಿಗೆಯಾದ ಮೇಲೆ. ‘ಪಾತ್ರದ ಚಲನೆ ಪೂರ್ಣ’ ಎಂದು ಒಪ್ಪಂದದಲ್ಲಿ ಬರೆದಿದ್ದರೆ, ಪ್ರಕಾಶಕರ ಕಡೆಯವರು ಬಿಲ್ಡ್ ಆಡಿ ಸಹಿ ಹಾಕುವ ತನಕ ಆ ಕಂತು ಬರುವುದಿಲ್ಲ, ಸಂಬಳದ ದಿನ ಮಾತ್ರ ತಪ್ಪದೆ ಬರುತ್ತದೆ. ‘ಗೊತ್ತಿಲ್ಲ’ ಎಂಬ ಉತ್ತರವನ್ನು ನಾನು ಎಕ್ಸೆಲ್‌ನ ಯಾವ ಕಲಮಿಗೆ ಹಾಕಲಿ?

ಸೀನಿಯರ್‌ಗಳಿಂದ ನಾನು ಬಯಸುವುದು ದಿನಗಳ ಸಂಖ್ಯೆಯನ್ನಲ್ಲ. ‘ಮೂರು ದಿನ ಅಳೆಯುತ್ತೇನೆ, ಆಮೇಲೆ ತೊಂದರೆ ತಡದ್ದೋ ಅನಿಮೇಷನ್‌ನದ್ದೋ ಎಂದು ಹೇಳುತ್ತೇನೆ, ತಡದ್ದಾದರೆ ಇಂತಿಷ್ಟು, ಅನಿಮೇಷನ್‌ನದ್ದಾದರೆ ಅನಿಮೇಟರ್‌ನ ಸಮಯವೂ ಬೇಕು’ ಎಂದು ಯಾರಾದರೂ ಹೇಳಿದರೆ ನಾನು ಪ್ರಕಾಶಕರ ಎದುರು ಅದನ್ನು ಹಿಡಿದುಕೊಂಡು ವಾದಿಸಬಲ್ಲೆ. ಒಂದು ಸಾಲಿನ ಟಿಕೆಟ್ ಒಡೆಯದೆ ಹಾಗೇ ಇಟ್ಟುಕೊಂಡು ಒದ್ದಾಡುವುದೇಕೆ?

ಹಳೇ_ಫ್ಲ್ಯಾಶ್:
ಒಪ್ಪಿದೆ. ಆದರೆ ಡಿಸೈನರ್‌ಗೆ ಅಂಕಿ ಬದಲಿಸುವ ವ್ಯವಸ್ಥೆ ಮಾಡಿಕೊಡುವ ಕೆಲಸಕ್ಕೂ ಒಂದು ಟಿಕೆಟ್ ಬೇಕು ಎಂದರೆ ನಿಮ್ಮವರೇ ‘ಅದು ಒಪ್ಪಂದದಲ್ಲಿ ಇಲ್ಲ’ ಅನ್ನುತ್ತಾರೆ. ಹಾಗಾಗಿ ಸೀನಿಯರ್ ಅದನ್ನು ಸಂಜೆ ಆರರ ಮೇಲೆ ಮಾಡುತ್ತಾನೆ. ಆ ಕೆಲಸ ಯಾವ ಲೆಕ್ಕಕ್ಕೂ ಬರುವುದಿಲ್ಲ, ಅಪ್ರೈಸಲ್‌ನಲ್ಲಿ ಔಟ್‌ಪುಟ್ ಇಳಿದಿದೆ ಎಂದು ಗೂಬೆ ಮಾತ್ರ ಅವನ ತಲೆಯ ಮೇಲೆ ಕೂರುತ್ತದೆ.

ಹಲಸೂರು_ಪ್ರೊಡ್ಯೂಸರ್:
ಅದೂ ನಿಜ. ನಾನಾದರೆ ಅದನ್ನು ಜಿಗಿತದ ಟಿಕೆಟ್‌ನ ಕೆಳಗೇ ಉಪಟಿಕೆಟ್ ಮಾಡಿ ಸೇರಿಸುತ್ತೇನೆ. ಎಲ್ಲ ಪ್ರೊಡ್ಯೂಸರ್‌ಗಳೂ ಹಾಗೆ ಮಾಡುತ್ತಾರೆ ಎಂದು ಹೇಳಲಾರೆ.

ಮಾಂಟ್ರಿಯಲ್_ಕನ್ನಡಿಗ:
ಇಲ್ಲಿ ನಾನು ಕಂಡ ಸ್ಟುಡಿಯೊಗಳಲ್ಲಿ ಸೀನಿಯರ್ ಎಂದರೆ ಒಂದು ಭಾಗದ ಪೂರ್ತಿ ಯಜಮಾನಿಕೆ: ಕ್ಯಾಮೆರಾ ಒಬ್ಬರದು, ಹೊಡೆದಾಟ ಒಬ್ಬರದು, ಓಡಾಟ ಒಬ್ಬರದು. ಜನರನ್ನು ನೋಡಿಕೊಳ್ಳುವುದು ಲೀಡ್‌ನ ಕೆಲಸ. ಸೀನಿಯರ್ ಎಷ್ಟು ಟಿಕೆಟ್ ಮುಚ್ಚಿದ ಎಂದು ಯಾರೂ ಎಣಿಸುವುದಿಲ್ಲ. ಅವನ ಭಾಗದಲ್ಲಿ ಎಷ್ಟು ಟಿಕೆಟ್ ತೆರೆಯುವ ಪ್ರಸಂಗವೇ ಬರಲಿಲ್ಲ ಎಂದು ನೋಡುತ್ತಾರೆ. ಭಾರತದಲ್ಲಿ ಕೆಲವು ವರ್ಷ ಕಳೆದರೆ ಸೀನಿಯರ್, ಮರುವರ್ಷ ಲೀಡ್, ಆಮೇಲೆ ಕೋಡ್ ಮುಟ್ಟುವ ಹಾಗಿಲ್ಲ ಎಂಬ ಏಣಿಯೇ ಈ ಗೊಂದಲಕ್ಕೆ ಕಾರಣ ಎಂದು ನನ್ನ ಅನಿಸಿಕೆ.

ಜಯನಗರದವನು:
ಅಲ್ಲಿಯೂ ಎಲ್ಲ ಚೆನ್ನಾಗಿದೆ ಎಂದು ಹೇಳಬೇಡಿ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದಿಂದ 1,900 ಜನರನ್ನು ತೆಗೆಯಿತು. ಅವರಲ್ಲಿ ಯಜಮಾನಿಕೆ ಇದ್ದವರೂ ಇದ್ದರು.

ಮಾಂಟ್ರಿಯಲ್_ಕನ್ನಡಿಗ:
ಕೆಲಸದ ಭದ್ರತೆಯ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ, ಕೆಲಸದ ಹಂಚಿಕೆಯ ಬಗ್ಗೆ ಹೇಳಿದೆ.

ಜಯನಗರದವನು:
ಒಪ್ಪಿದೆ. ಆದರೆ ಬೆಂಗಳೂರಿನ ಏಣಿಗೂ ಒಂದು ಚರಿತ್ರೆ ಇದೆ. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಗೇಮ್ ಸ್ಟುಡಿಯೊದ ಕಾಲದಿಂದಲೂ ಇಲ್ಲಿಗೆ ಹೊರದೇಶದಿಂದ ಹೆಚ್ಚಾಗಿ ಬಂದದ್ದು ಆರ್ಟ್ ಕೆಲಸ. ಮಾದರಿಗಳನ್ನು ಎಣಿಸಬಹುದು, ಇಷ್ಟು ದಿನಕ್ಕೆ ಇಷ್ಟು ಎಂದು ಬೆಲೆ ಕಟ್ಟಬಹುದು. ಅದೇ ಲೆಕ್ಕದ ಪದ್ಧತಿ ಗೇಮ್‌ಪ್ಲೇ ಕೆಲಸಕ್ಕೂ ಅಂಟಿಕೊಂಡಿತು. ಆ ಧ್ರುವವನ್ನೇ 2016ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತಲ್ಲ.

ತುಂಗಾತೀರ:
ಇಸವಿ ತಪ್ಪಿದೆ. ರಾಕ್‌ಸ್ಟಾರ್ ಬೆಂಗಳೂರಿನಲ್ಲಿ ತನ್ನ ಸ್ಟುಡಿಯೊ ತೆರೆದದ್ದು 2016ರಲ್ಲಿ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈಯಿಂದ ಧ್ರುವವನ್ನು ಕೊಂಡದ್ದು 2019ರಲ್ಲಿ. ಉಳಿದ ಮಾತು ಸರಿ.

ರಾಜಾಜಿನಗರ_ರಿಗ್:
ನಾನು ಅನಿಮೇಟರ್. ಮೇಲೆ ಯಾರೋ ‘ಅನಿಮೇಷನ್‌ನದ್ದಾದರೆ’ ಎಂದದ್ದು ಕಣ್ಣಿಗೆ ಬಿತ್ತು. ನೀವು ಅಳೆಯುವ ಮೊದಲೇ ಫಲಿತಾಂಶ ನನಗೆ ಗೊತ್ತಿದೆ: ಜಿಗಿಯುವ ಮುನ್ನ ಪಾತ್ರ ಮೊಣಕಾಲು ಬಗ್ಗಿಸುತ್ತದೆ, ಆ ಬಗ್ಗಿಸುವಿಕೆಯನ್ನು ಕಿತ್ತುಹಾಕಿ ಎನ್ನುತ್ತೀರಿ. ಕಿತ್ತುಹಾಕಿದರೆ ಪಾತ್ರಕ್ಕೆ ತೂಕವೇ ಇರುವುದಿಲ್ಲ, ದಾರ ಕಟ್ಟಿ ಎಳೆದ ಗೊಂಬೆಯಂತೆ ಏಳುತ್ತದೆ. ಆಗ ‘ಜಿಗಿತ ಯಾಕೋ ಹಗುರ’ ಎಂದು ಹೊಸ ಟಿಕೆಟ್ ಬರುತ್ತದೆ.

ಟೆಸ್ಟಿಂಗ್_ಟೇಬಲ್:
ನಾನು ಕ್ಯೂಎ, ಅಂದರೆ ಗೇಮ್ ಪರೀಕ್ಷಿಸುವ ಕಡೆಯವಳು. ಈ ಬಫರ್ (ಮೊದಲೇ ಒತ್ತಿದ್ದನ್ನು ನೆನಪಿಡುವುದು), ಕರುಣೆಯ 0.1 ಸೆಕೆಂಡ್ ಇವುಗಳನ್ನು ಸೇರಿಸುವವರು ಸಮಯವನ್ನು ಯಾವ ಬಗೆಯ ವೇರಿಯಬಲ್‌ನಲ್ಲಿ ಇಡುತ್ತೀರಿ ಎಂದು ದಯವಿಟ್ಟು ನೋಡಿಕೊಳ್ಳಿ. ನಮ್ಮಲ್ಲಿ ವಾರಾಂತ್ಯವೆಲ್ಲ ಗೇಮ್ ಓಡಿಸಿಯೇ ಬಿಡುವ ಪರೀಕ್ಷೆ ಇದೆ. ಸೋಮವಾರ ಬೆಳಿಗ್ಗೆ ಬಂದು ಆಡಿದರೆ ಜಿಗಿತ ವಿಚಿತ್ರವಾಗಿತ್ತು. ಮತ್ತೆ ಶುರು ಮಾಡಿದರೆ ಸರಿಯಾಗಿತ್ತು. ‘ನಮ್ಮ ಕಡೆ ಪುನರಾವರ್ತನೆ ಆಗುತ್ತಿಲ್ಲ’ ಎಂದು ಬಗ್ಗನ್ನು ಮುಚ್ಚುತ್ತಲೇ ಇದ್ದರು.

ಕಾರಣ ಕೊನೆಗೆ ಸಿಕ್ಕಿತು. ಗೇಮ್ ಶುರುವಾದಾಗಿನಿಂದ ಕಳೆದ ಸೆಕೆಂಡುಗಳನ್ನು 32 ಬಿಟ್‌ನ ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆ ಇಡುವ ಬಗೆ), ಪ್ರತಿ ಫ್ರೇಮಿನ ಸಮಯವನ್ನು ಕೂಡುತ್ತಾ ಇಟ್ಟಿದ್ದರು. ಫ್ಲೋಟ್‌ಗೆ ಇರುವುದು 24 ಬಿಟ್‌ನ ನಿಖರತೆ. 1,31,072 ಸೆಕೆಂಡ್ ದಾಟಿದರೆ, ಅಂದರೆ ಸುಮಾರು 36 ಗಂಟೆ ಕಳೆದರೆ, ಅದು ಹಿಡಿಯಬಲ್ಲ ಅತಿ ಚಿಕ್ಕ ಹೆಜ್ಜೆ 15.6 ಮಿಲಿಸೆಕೆಂಡ್. 16.7 ಕೂಡಿಸಿದರೆ 15.6 ಸೇರುತ್ತದೆ, ಗಡಿಯಾರ ನಿಧಾನವಾಗುತ್ತದೆ. ಗಡಿಯಾರದ ಲೆಕ್ಕದಲ್ಲಿ ಸುಮಾರು 73 ಗಂಟೆ ದಾಟಿದರೆ ಹೆಜ್ಜೆ 31.25 ಮಿಲಿಸೆಕೆಂಡಿಗೆ ಏರುತ್ತದೆ, ಆಗ 16.7 ಮೇಲಕ್ಕೆ ಪೂರ್ಣಗೊಂಡು ಗಡಿಯಾರ ದುಪ್ಪಟ್ಟಿನ ಹತ್ತಿರ ಓಡುತ್ತದೆ. ಗಡಿಯಾರ ಸುಮಾರು ಆರು ದಿನ ತೋರಿಸುವ ಹೊತ್ತಿಗೆ ಕೂಡಿಸಿದ್ದೆಲ್ಲ ಸೊನ್ನೆಯಾಗಿ ಗಡಿಯಾರವೇ ನಿಲ್ಲುತ್ತದೆ. ಅದರ ದುಪ್ಪಟ್ಟು ಬಿಟ್‌ನ ಡಬಲ್ ಬಳಸಿ, ಇಲ್ಲವೇ ನೆಲ ಬಿಟ್ಟ ಗಳಿಗೆಯಿಂದ ಇಳಿಯುತ್ತಾ ಬರುವ ಚಿಕ್ಕ ಟೈಮರ್ ಇಟ್ಟುಕೊಳ್ಳಿ.

ಮಂಗಳೂರು_ಮೊಬೈಲ್:
ಇದನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸುತ್ತೇನೆ. ಯೂನಿಟಿಯಲ್ಲಿ ಟೈಮ್‌ಆ್ಯಸ್‌ಡಬಲ್ ಇದೆ, ಬಳಸುವವರು ಕಡಿಮೆ.

ಧಾರವಾಡ_ಡೆವ್:
ಇಂಥ ಕೋಡನ್ನೆಲ್ಲ ಈಗ ಎಐ ಬರೆದುಕೊಡುತ್ತದೆ ಎನ್ನುತ್ತಾರೆ. ಹಾಗಿದ್ದರೆ ಮುಂದೆ ನಮ್ಮಂಥವರಿಗೆ ಈ ಕೆಲಸ ಉಳಿಯುತ್ತದೆಯೇ?

ಟೆಸ್ಟಿಂಗ್_ಟೇಬಲ್:
ಬರೆದುಕೊಡುತ್ತದೆ. ನೋಡಿಕೊಳ್ಳದಿದ್ದರೆ ಫ್ಲೋಟ್‌ನಲ್ಲೇ ಬರೆದುಕೊಡುತ್ತದೆ.

ಹಳೇ_ಫ್ಲ್ಯಾಶ್:
ತಮಾಷೆ ಇರಲಿ. ಜಿಗಿತದ ಕೋಡ್ ಬರೆಯುವುದು ಎಂದೂ ಕಷ್ಟದ್ದಾಗಿರಲಿಲ್ಲ, ಯಾವ ಜಿಗಿತ ಬೇಕು ಎಂದು ತಿಳಿಯುವುದು ಕಷ್ಟ. ಒಂದೇ ಒಂದು ಕೋಣೆಯ ಗೇಮ್ ಮಾಡಿ, ಅದರ ಜಿಗಿತವನ್ನು ಸ್ನೇಹಿತರು ಸುಮ್ಮನೆ ಆಡುತ್ತಾ ಕೂರುವ ಹಾಗೆ ತಿದ್ದಿ. ಸಂದರ್ಶನದಲ್ಲಿ ಹತ್ತು ಅರೆಬೆಂದ ಗೇಮ್‌ಗಳಿಗಿಂತ ನಾನು ಅದನ್ನು ಹೆಚ್ಚು ಹೊತ್ತು ನೋಡುತ್ತೇನೆ.

ಕೋರಮಂಗಲ_ಸರ್ವರ್:
ಸಂದರ್ಶನದ ಮಾತು ಬಂದದ್ದಕ್ಕೆ ಕೇಳುತ್ತೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದ ಮೇಲೆ ಕೆಲಸ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಯೂನಿಟಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಆದರೆ ‘ಗೇಮ್‌ಪ್ಲೇ ಅನುಭವ ಇಲ್ಲ’ ಎಂದು ಸೀನಿಯರ್ ಹುದ್ದೆಗೆ ಪರಿಗಣಿಸುತ್ತಿಲ್ಲ. ಇಸ್ಪೀಟಿನ ಎಲೆ ಹಂಚುವುದು ಗೇಮ್‌ಪ್ಲೇ ಅಲ್ಲವೇ?

ಮಂಗಳೂರು_ಮೊಬೈಲ್:
ನನ್ನ ತಂಡದಲ್ಲಿ ನಿಮ್ಮ ಹಾಗೆ ಬಂದವರು ಇದ್ದಾರೆ. 3 ಜಿಬಿ ರ‍್ಯಾಮ್‌ನ ಫೋನ್ ಬಿಸಿಯಾಗಿ ವೇಗ ಇಳಿಸಿಕೊಂಡಾಗ ಏನಾಗುತ್ತದೆ, ಗಾರ್ಬೇಜ್ ಕಲೆಕ್ಷನ್ (ಬೇಡವಾದ ಮೆಮೊರಿ ತೆರವು) ಎದ್ದ ಫ್ರೇಮಿನಲ್ಲಿ ಬೆರಳಿನ ಸ್ಪರ್ಶ ಎಲ್ಲಿ ಕಳೆದುಹೋಗುತ್ತದೆ ಎಂಬುದು ಕನ್ಸೋಲ್‌ನಿಂದ ಬಂದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅದನ್ನೇ ರೆಸ್ಯೂಮೆಯ ಮೇಲ್ಗಡೆ ಬರೆಯಿರಿ.

ಬನಶಂಕರಿ_ಸಿ++:
ಎಲ್ಲರಿಗೂ ಧನ್ಯವಾದ. ತುಂಗಾತೀರ ಅವರು ಹೇಳಿದ ಹಾಗೆ ಫೋನಿನಲ್ಲಿ ಚಿತ್ರೀಕರಿಸಿ ಅಳೆದೆ. ಕನ್ಸೋಲ್‌ನಲ್ಲಿ, 30 ಫ್ರೇಮಿನಲ್ಲಿ, ಒತ್ತಿದ್ದರಿಂದ ಏಳುವ ತನಕ ಸುಮಾರು 250 ಮಿಲಿಸೆಕೆಂಡ್. ಅದರಲ್ಲಿ ನಾಲ್ಕು ಫ್ರೇಮ್, ಅಂದರೆ 133 ಮಿಲಿಸೆಕೆಂಡ್, ರಾಜಾಜಿನಗರದವರು ಹೇಳಿದ ಮೊಣಕಾಲು ಬಗ್ಗಿಸುವಿಕೆಯೇ.

ಅದನ್ನು ಕೀಳಲಿಲ್ಲ. ಮೂವರೂ ಒಂದೇ ಮೇಜಿಗೆ ಕುಳಿತೆವು. ಬಟನ್ ಒತ್ತಿದ ಕೂಡಲೇ ಕ್ಯಾಪ್ಸೂಲ್ (ಪಾತ್ರವನ್ನು ಸುತ್ತುವರಿದ ಕಾಣದ ಆಕಾರ) ಮೇಲೇಳುತ್ತದೆ, ಬಗ್ಗಿದ ಭಂಗಿ ಏರುವ ಮೊದಲ ಎರಡು ಫ್ರೇಮುಗಳಲ್ಲಿ ಬೆರೆತು ಕಾಣುತ್ತದೆ, ಕಳೆದುಹೋದ ತೂಕವನ್ನು ನೆಲಕ್ಕೆ ಇಳಿಯುವಾಗಿನ ಅನಿಮೇಷನ್‌ಗೆ ಸೇರಿಸಿದ್ದಾರೆ. ಇಳಿಗುರುತ್ವ ಈಗ ಡಿಸೈನರ್ ಕೈಯಲ್ಲಿದೆ. ಅವರು ಅದನ್ನು ಒಂದೇ ಮಧ್ಯಾಹ್ನದಲ್ಲಿ ಎಷ್ಟು ಸಲ ಬದಲಿಸಿದರೆಂದರೆ, ಅಷ್ಟಕ್ಕೂ ಒಂದೊಂದು ಟಿಕೆಟ್ ಬಂದಿದ್ದರೆ ಈ ಮೈಲ್‌ಸ್ಟೋನ್ ಪೂರ್ತಿ ಅದರಲ್ಲೇ ಹೋಗುತ್ತಿತ್ತು. ಪ್ರೊಡ್ಯೂಸರ್ ಹಳೆಯ ಟಿಕೆಟ್ ಒಡೆಯಲು ಒಪ್ಪಿದ್ದಾರೆ, ಅಪ್ರೈಸಲ್‌ನ ಮಾತನ್ನು ಮಾತ್ರ ಯಾರೂ ವಾಪಸು ಪಡೆದಿಲ್ಲ.

ರಾಜಾಜಿನಗರ_ರಿಗ್:
ಇಳಿಯುವ ಅನಿಮೇಷನ್ ನಡುವೆಯೇ ಆಡುವವರು ಮತ್ತೆ ಓಡಲು ಬಿಟ್ಟಿದ್ದೀರಿ ತಾನೇ? ಇಲ್ಲದಿದ್ದರೆ ಭಾರ ಏಳುವ ಕಡೆಯಿಂದ ಇಳಿಯುವ ಕಡೆಗೆ ಹೋದಂತಾಯಿತು, ಅಷ್ಟೇ.

ಬನಶಂಕರಿ_ಸಿ++:
ಬಿಟ್ಟಿದ್ದೇವೆ. ಕಂಟ್ರೋಲರ್‌ನ ಕಡ್ಡಿ ಅಲುಗಿದ ಕೂಡಲೇ ಅನಿಮೇಷನ್ ಕಡಿದು ಓಟಕ್ಕೆ ಹೋಗುತ್ತದೆ.

ಈಗ ಪ್ರಕಾಶಕರು ಇಬ್ಬರು ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ಮೋಡ್ ಬೇಕು ಎನ್ನುತ್ತಿದ್ದಾರೆ. ಬಫರ್ ಮತ್ತು ಕರುಣೆಯ ಸಮಯಗಳನ್ನು ಸರ್ವರ್ ಹೇಗೆ ಒಪ್ಪಬೇಕು?

ಕೋರಮಂಗಲ_ಸರ್ವರ್:
ಆಟಗಾರನ ಯಂತ್ರ ತಾನೇ ಮುಂದಾಗಿ ಜಿಗಿಸಬೇಕು, ಸರ್ವರ್ ಅದೇ ಇನ್‌ಪುಟ್ ಅನ್ನು ಅದೇ ನಿಯಮದಲ್ಲಿ ಮತ್ತೆ ಓಡಿಸಿ ತಾಳೆ ನೋಡಬೇಕು. ನಿಮ್ಮ ಟೈಮರ್‌ಗಳು ಚಲನೆಯ ಉಳಿಸಿದ ಸ್ಥಿತಿಯ ಒಳಗೇ ಇರಬೇಕು, ಹೊರಗೆ ಇದ್ದರೆ ಮರುಓಟದಲ್ಲಿ ಬೇರೆ ಉತ್ತರ ಬಂದು ಪಾತ್ರ ಹಿಂದಕ್ಕೆ ಎಳೆದಂತಾಗುತ್ತದೆ. ಇದು ದೊಡ್ಡ ವಿಷಯ, ಬೇರೆ ಎಳೆ ತೆರೆಯಿರಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.